ಯಂತ್ರದ ಹೆಬ್ಬೆಟ್ಟು

ಲಾಸ್ ಹೆಲೆಚೋಸ್ ಊರಿನ ನೀರಿನ ಸಮಿತಿಯವರು ಯೋರ್ಲೆನಿಯನ್ನು ಕರೆಸಿದ್ದು ಮೂರು ದಿನ ನಲ್ಲಿಗಳೆಲ್ಲ ಒಣಗಿ ಕೂತ ಮೇಲೆ. ಗುಡ್ಡದ ಮೇಲಿನ ತೊಟ್ಟಿಯ ಪಕ್ಕದ ಗೂಡಿನಲ್ಲಿ ಒಂದು ಕಂಪ್ಯೂಟರ್ ಇತ್ತು. ಕೆಳಗಿನಿಂದಲೇ ಅದರೊಳಗೆ ಹೋಗಿ ನೀರಿನ ಮಟ್ಟ ನೋಡಬಹುದಿತ್ತು, ವಾಲ್ವ್ ತಿರುಗಿಸಬಹುದಿತ್ತು. ಪಾಸ್‌ವರ್ಡು ಮಾತ್ರ ಊರ ಸಂತನ ಹೆಸರು. ಎಲ್ಲಿಯೋ ಕೂತ ಯಾವನೋ ಅದನ್ನು ಊಹಿಸಿದ, ಒಳಗೆ ಬಂದ, ಇಡೀ ತೊಟ್ಟಿಯನ್ನು ಹಳ್ಳಕ್ಕೆ ಬಿಟ್ಟು ಹೋದ. ಅವನಿಗೆ ಅದರಿಂದ ಏನು ಸಿಕ್ಕಿತೋ ಅವನಿಗೇ ಗೊತ್ತು.

ಯೋರ್ಲೆನಿಗೆ ಇಪ್ಪತ್ತನಾಲ್ಕು. ರಾಜಧಾನಿ ಸ್ಯಾನ್ ಹೊಸೆಯಲ್ಲಿ ಓದು ಮುಗಿಸಿ ಇಂಥ ಸಣ್ಣ ಊರುಗಳ ಯಂತ್ರಗಳನ್ನು ಸರಿಮಾಡಿಕೊಂಡಿದ್ದಳು. ಯಂತ್ರದ ಮುಂದೆ ಅವಳ ಕೈ ನಿಲ್ಲುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಮಾತು ಗಂಟಲು ದಾಟುತ್ತಿರಲಿಲ್ಲ. ಹೇಳಬೇಕಾದದ್ದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಬಂದು, ಚೀಟಿ ನೋಡಿಯೇ ಓದಿದಳು.

ತೊಟ್ಟಿಗೆ ಹೊಸ ಯಂತ್ರ ಕೂರಿಸಿದ್ದಾಗಿದೆ, ಇನ್ನು ಮೇಲೆ ಪಾಸ್‌ವರ್ಡು ಇಲ್ಲ. ಒಬ್ಬೊಬ್ಬರಿಗೆ ಒಂದು ಬೀಗ, ಒಂದು ಕೀಲಿಕೈ. ಬೀಗ ತೊಟ್ಟಿಯ ಯಂತ್ರದಲ್ಲಿರುತ್ತದೆ, ಅದನ್ನು ಊರೆಲ್ಲ ನೋಡಿದರೂ ಚಿಂತೆಯಿಲ್ಲ. ಕೀಲಿಕೈ ಮಾತ್ರ ಅವರವರ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಹೋಗಕೂಡದು, ಅದಕ್ಕೂ ಒಂದು ಗುಟ್ಟಿನ ಮಾತಿನ ಕಾವಲು. ಕೊನೆಯಲ್ಲಿ ಒಂದು ಸಾಲು: ಮೊದಲ ಸಲ ಒಳಗೆ ಹೋಗುವಾಗ ಆ ಯಂತ್ರ ತನ್ನ ಗುರುತು ತೋರಿಸುತ್ತದೆ, ಉದ್ದನೆಯ ಅಕ್ಷರಗಳ ಸಾಲು, ಅದರ ಹೆಬ್ಬೆಟ್ಟು ಅಂತಲೇ ತಿಳಿಯಿರಿ, ನಿಜವಾದದ್ದಕ್ಕೆ ಹೋಲಿಸಿ ನೋಡಿ ಆಮೇಲೆ ‘ಯೆಸ್’ ಎನ್ನಿ. ಈ ಸಾಲನ್ನು ಅವಳು ಬೇಗಬೇಗ ಓದಿದಳು. ಪುಸ್ತಕದಲ್ಲಿರುತ್ತದೆ, ಹೇಳಬೇಕು; ಹೋಲಿಸಿ ನೋಡಿದವರನ್ನು ಅವಳು ಈವರೆಗೆ ಕಂಡಿರಲಿಲ್ಲ. ತಾನೂ ನೋಡುತ್ತಿರಲಿಲ್ಲ.

ಕೇಳಲು ಕೂತವರು ಮೂವರು, ಊರು ಗೌರವದಿಂದ ದೊನ್, ದೊನ್ಯಾ ಎಂದು ಕರೆಯುವವರು. ಅಧ್ಯಕ್ಷ ದೊನ್ ಗಮಾಲಿಯೆಲ್, ಕಾಫಿ ಬೆಳೆಯುವವರು, ಯಾರು ಏನಂದರೂ ತಲೆಯಾಡಿಸುವವರು. ದಿನಸಿ ಅಂಗಡಿಯ ದೊನ್ಯಾ ಫ್ಲೋರಿಬೆತ್, ಸಮಿತಿಯ ಕಾರ್ಯದರ್ಶಿ. ಊರಿನ ಯಾವ ಮಾತೂ ಅವರ ತಕ್ಕಡಿಯಲ್ಲಿ ತೂಗಿಸಿಕೊಳ್ಳದೆ ಮುಂದೆ ಹೋಗುತ್ತಿರಲಿಲ್ಲ. ಮೂರನೆಯವನು ನೀರಗಂಟಿ ದೊನ್ ಎವೆಲಿಯೊ. ಮೂವತ್ತೊಂದು ವರ್ಷ ದಿನಕ್ಕೆರಡು ಸಲ ಗುಡ್ಡ ಹತ್ತಿ ಇಳಿದ ಮನುಷ್ಯ, ಈಗ ಬಲ ಮಂಡಿ ಮುಷ್ಕರ ಹೂಡಿತ್ತು. ಮನೆಯಿಂದಲೇ ತೊಟ್ಟಿ ನೋಡಿಕೊಳ್ಳಲು ಬಂದರೆ ಕೆಲಸ ಉಳಿಯುತ್ತದೆ. ಬರದಿದ್ದರೆ ಬೇರೆಯವರನ್ನು ನೋಡುವುದು ಎಂದು ಸಮಿತಿ ಆಗಲೇ ಮಾತಾಡಿಕೊಂಡಿತ್ತು. ಶನಿವಾರ ಮೂವರೂ ಎಲ್ಲರೆದುರು ಒಳಗೆ ಹೋಗಿ ತೋರಿಸಬೇಕು.

“ಎವೆಲಿಯೊ ಫೋನು ಹಿಡಿಯೋದೇ ತಲೆಕೆಳಗಾಗಿ,” ಅಂದರು ಫ್ಲೋರಿಬೆತ್. “ಇವನಿಗೆ ಕಂಪ್ಯೂಟರ್ ಕಲಿಸೋದೂ ಒಂದೇ, ನನ್ನ ಕೋಳಿಗೆ ಜಪ ಕಲಿಸೋದೂ ಒಂದೇ.”

“ನಿಮ್ಮ ಕೋಳಿ ನಿಮಗಿಂತ ಕಮ್ಮಿ ಮಾತಾಡುತ್ತೆ, ಕಲಿತರೂ ಕಲಿತೀತು,” ಅಂದ ಎವೆಲಿಯೊ, ತಲೆ ಎತ್ತದೆ ನೋಟ್‌ಬುಕ್ಕಿನಲ್ಲಿ ಬರೆಯುತ್ತ.

ಗುರುವಾರ ಯೋರ್ಲೆನಿಗೆ ಫೋನ್ ಬಂತು. ಗಾಳಿಯ ಸದ್ದು, ನಡುವೆ ಏದುಸಿರು.

“ಮಗಳೇ, ಮೇಲೆ ಬಂದಿದ್ದೀನಿ. ಇದರ ಹೆಬ್ಬೆಟ್ಟು ಎಲ್ಲಿದೆ ಹೇಳು.”

ಅವಳಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮುಖ ಬಿಸಿಯಾಯಿತು. ಆ ಮಂಡಿ ಇಟ್ಟುಕೊಂಡು ಎರಡು ಗಂಟೆ ಹತ್ತಿದ್ದಾನೆ, ತಾನು ಉಸಿರು ಬಿಡದೆ ಓದಿ ಮುಗಿಸಿದ ಒಂದು ಸಾಲಿಗಾಗಿ. ಅಷ್ಟೆಲ್ಲ ಬೇಕಿರಲಿಲ್ಲ ಎಂದು ಹೇಳಹೊರಟವಳು ನುಂಗಿಕೊಂಡಳು. ಗೂಡಿನ ಪುಟ್ಟ ಪರದೆಯ ಮುಂದೆ ಏನು ಒತ್ತಬೇಕೆಂದು ಒಂದೊಂದೇ ಅಕ್ಷರ ಹೇಳಿಕೊಟ್ಟಳು. ಅವನು ಪೆನ್ಸಿಲಿನಲ್ಲಿ ಬರೆದುಕೊಂಡ, ದೊಡ್ಡಕ್ಷರಗಳ ಕೆಳಗೆ ಗೆರೆ ಎಳೆದ, ಮೊದಲಿಂದ ಓದಿ ಹೇಳಿದ. ಅವಳು ಹೂಂ ಹೂಂ ಅಂದಳು. ಅವಳ ಬಳಿ ನೋಡಿಕೊಳ್ಳಲು ಏನೂ ಇರಲಿಲ್ಲ. ತಾನೇ ಕೂರಿಸಿದ ಹೊಸ ಯಂತ್ರದ ಹೆಬ್ಬೆಟ್ಟನ್ನು ಅವಳೇ ಬರೆದಿಟ್ಟುಕೊಂಡಿರಲಿಲ್ಲ.

ಶನಿವಾರ ಮಧ್ಯಾಹ್ನ ಕಚೇರಿ ತುಂಬಿತ್ತು. ಬಟ್ಟೆಯಲ್ಲಿ ಸೋಸಿದ ಕಾಫಿ, ಜೋಳದ ಬಿಸ್ಕತ್ತು. ಸಮಿತಿಯವರಲ್ಲದೆ ಕೆಲಸವಿಲ್ಲದವರೂ ಏಳೆಂಟು ಜನ ಬಂದು ಬಾಗಿಲಿಗೊರಗಿದ್ದರು. ಗಮಾಲಿಯೆಲ್ ಮೊದಲು ಕೂತರು. ಪರದೆಯ ಮೇಲೆ ಹೆಬ್ಬೆಟ್ಟಿನ ಸಾಲು, ಅದರ ಕೆಳಗೆ ಇದು ಸರಿಯೇ ಎಂಬ ಪ್ರಶ್ನೆ ಬಂತು, ಅವರು ಯೋರ್ಲೆನಿಯ ಮುಖ ನೋಡಿದರು, ಅವಳು ಅಭ್ಯಾಸಬಲದಿಂದ ‘ಯೆಸ್ ಅನ್ನಿ’ ಅಂದಳು. ಒಳಗೆ ಹೋದರು. ಫ್ಲೋರಿಬೆತ್ ಯಾರನ್ನೂ ಕೇಳಲಿಲ್ಲ, ಯೆಸ್ ಒತ್ತಿದರು, ಗುಟ್ಟಿನ ಮಾತು ಹಾಕಿದರು, ನೀರಿನ ಮಟ್ಟ ನೂರಕ್ಕೆ ಎಂಬತ್ತು ಎಂದು ಗಟ್ಟಿಯಾಗಿ ಓದಿ, ಚಪ್ಪಾಳೆ ಬರಲಿ ಎಂಬಂತೆ ಸುತ್ತ ನೋಡಿದರು.

ಎವೆಲಿಯೊ ಕನ್ನಡಕ ಹಾಕಿಕೊಂಡ. ನೋಟ್‌ಬುಕ್ಕನ್ನು ಪರದೆಯ ಪಕ್ಕಕ್ಕೆ ಹಿಡಿದು, ಪೆನ್ಸಿಲಿನ ತುದಿಯನ್ನು ಒಂದೊಂದೇ ಅಕ್ಷರದ ಮೇಲೆ ಇಡುತ್ತ ಹೋದ. ಕಾಫಿ ಆರಿತು. ಬಾಗಿಲ ಹತ್ತಿರ ಯಾರೋ ಕಿಸಕ್ಕೆಂದರು. ಅವನು ಕೊನೆ ಮುಟ್ಟಿ, ಮತ್ತೆ ಮೊದಲಿಂದ ನೋಡಿ, ಎರಡೇ ಅಕ್ಷರ ಒತ್ತಿದ. ನೋ. ಪರದೆ ಅವನನ್ನು ಹೊರಗೆ ಹಾಕಿತು.

“ಆಯ್ತಲ್ಲ,” ಅಂದರು ಫ್ಲೋರಿಬೆತ್, ನಡಾವಳಿ ಪುಸ್ತಕ ಎಳೆದುಕೊಂಡು. ದೊನ್ ಎವೆಲಿಯೊ ಒಳಗೆ ಹೋಗಲಾರದೆ ಹೋದರು ಎಂದು ಬರೆಯುತ್ತಿರುವುದು ಯೋರ್ಲೆನಿಗೆ ತಲೆಕೆಳಗಾಗಿಯೂ ಓದಲು ಬರುತ್ತಿತ್ತು.

ಅವಳು ಬಗ್ಗಿ, ಬರೆಯುವಾಗ ಎಲ್ಲೋ ಒಂದಕ್ಷರ ತಪ್ಪಿರಬಹುದು ಎಂದು ಮೆಲ್ಲಗೆ ಹೇಳಿದಳು. ಅವನಿಗೆ ನೋವಾಯಿತು, ಅದು ಕಂಡಿತು. ಆದರೂ ದನಿ ಏರಿಸಲಿಲ್ಲ.

“ಒಂದಕ್ಷರ ತಪ್ಪಿದ್ರೆ ನನ್ನ ಕಣ್ಣು ಅಂತ ಒಪ್ಕೋತಿದ್ದೆ ಮಗಳೇ. ಇಲ್ಲಿ ಒಂದಕ್ಷರಾನೂ ಸರಿಹೋಗ್ತಿಲ್ಲ. ಇದು ಅದಲ್ಲ. ಇದು ಬೇರೆ ಯಾರೋ.”

ಯೋರ್ಲೆನಿಗೆ ಏನೋ ನೆನಪಾಯಿತು. ಒಳಗಿನ ಉಗ್ರಾಣಕ್ಕೆ ಹೋದಳು. ಕ್ಲೋರಿನ್ ಡಬ್ಬಗಳ ಹಿಂದೆ, ಕಪಾಟಿನಲ್ಲಿ, ಹಳೆಯ ಯಂತ್ರದ ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು. ಹಳೆಯ ಲೆಕ್ಕಗಳನ್ನು ನಕಲು ಮಾಡಿಕೊಳ್ಳಲೆಂದು ಅವಳೇ ಗುಡ್ಡದಿಂದ ಇಳಿಸಿ ತಂದದ್ದು, ಮೂವರ ಬೀಗಗಳನ್ನು ಮೊದಲು ಹಾಕಿ ಪರೀಕ್ಷಿಸಿದ್ದೂ ಅದರಲ್ಲೇ. ಹೊಸ ಯಂತ್ರಕ್ಕೆ ಅದರ ವಿಳಾಸವನ್ನೇ ಕೊಟ್ಟಿದ್ದಳು, ಇದನ್ನು ಆರಿಸಲು ಮರೆತಿದ್ದಳು. ಒಂದೇ ವಿಳಾಸಕ್ಕೆ ಇಬ್ಬರು. ಕೂಗಿದಾಗ ಹತ್ತಿರವಿದ್ದದ್ದು ಓಗೊಟ್ಟಿತ್ತು. ಅಧ್ಯಕ್ಷರೂ ಫ್ಲೋರಿಬೆತ್ತರೂ ಹೋಗಿ ಬಂದದ್ದು ಈ ಕಪಾಟಿಗೆ. ಎಂಬತ್ತು ಎಂಬುದು ಅದನ್ನು ಗುಡ್ಡದಿಂದ ಇಳಿಸಿದ ಹೋದ ವಾರದ ಮಟ್ಟ.

ತಂತಿ ಕಿತ್ತರೆ ಮುಗಿಯಿತು. ಹೊರಗೆ ಹೋಗಿ, ಸಂಪರ್ಕ ಸ್ವಲ್ಪ ನಿಧಾನವಿತ್ತು, ಇನ್ನೊಮ್ಮೆ ನೋಡೋಣ ಎಂದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ನಡಾವಳಿಯ ಆ ಸಾಲು ಹಾಗೇ ಉಳಿಯುತ್ತದೆ. ಎರಡನೇ ಸಲಕ್ಕೆ ಒಳಗೆ ಹೋದ ಮುದುಕ ಎನ್ನುತ್ತಾರೆ, ಮುಂದೆ ಎಂದಾದರೂ ಅವನನ್ನು ಬಿಡಿಸಬೇಕೆನಿಸಿದಾಗ ಆ ಪುಟವನ್ನೇ ತೆಗೆಯುತ್ತಾರೆ. ಕ್ಲೋರಿನ್ ವಾಸನೆಗೋ ಏನೋ ಅವಳ ಕಣ್ಣು ಉರಿಯಿತು. ತಂತಿ ಕಿತ್ತಳು. ಆ ಯಂತ್ರವನ್ನು ಎದೆಗವಚಿಕೊಂಡು ಹೊರಗೆ ಬಂದಳು, ಕೈ ಖಾಲಿಯಿದ್ದರೆ ಮಾತು ಹೊರಡುತ್ತಿರಲಿಲ್ಲ.

ಚೀಟಿಯಿಲ್ಲದೆ ಹೇಳಿದಳು. ತಪ್ಪು ತನ್ನದು. ಅವರಿಬ್ಬರೂ ಒಳಗೆ ಹೋದದ್ದು ಇದರೊಳಕ್ಕೆ. ವಾಲ್ವ್ ತಿರುಗಿಸಿದ್ದರೆ ತಿರುಗಿತು ಎಂದು ಇದು ಬರೆದುಕೊಳ್ಳುತ್ತಿತ್ತು, ಮೇಲೆ ಏನೂ ಅಲುಗುತ್ತಿರಲಿಲ್ಲ. ಇಂದು ಸರಿಯಾಗಿ ಉತ್ತರ ಕೊಟ್ಟವರು ಒಬ್ಬರೇ. ನಡುವೆ ಎರಡು ಸಲ ತೊದಲಿದಳು.

“ಹಾಗಾದ್ರೆ ನಿನ್ನನ್ನ ನಂಬೋದು ಹೇಗೆ, ಹುಡುಗಿ?” ಎಂದು ಕೊನೆಗೆ ಫ್ಲೋರಿಬೆತ್ ಕೇಳಿದರು. ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿ ಕೇಳಿದ್ದರು.

ಯೋರ್ಲೆನಿ ಯಂತ್ರವನ್ನು ಮೇಜಿನ ಮೇಲಿಟ್ಟಳು. “ನಂಬಬೇಡಿ,” ಅಂದಳು. “ದೊನ್ ಎವೆಲಿಯೊ ಹಾಗೆ ಹೋಲಿಸಿ ನೋಡಿ.”

ಗಮಾಲಿಯೆಲ್ ತಲೆಯಾಡಿಸಿದರು. ಫ್ಲೋರಿಬೆತ್ ತಾವು ಬರೆದ ಸಾಲಿನ ಮೇಲೆ ಗೆರೆ ಎಳೆದು, ಗೆರೆ ಸಾಲದೆಂಬಂತೆ ಇನ್ನೊಂದು ಎಳೆದು, ತಮ್ಮ ಒಂದು ಮಾತಿಗೆ ಹತ್ತು ಹಿಂದಿರುಗಿಸುವ ಎವೆಲಿಯೊನತ್ತ ನೋಡಿದರು. ಅವನು ಕನ್ನಡಕ ಒರೆಸಿಕೊಂಡ. ಮತ್ತೆ ಕೂತ, ಮತ್ತೆ ಪೆನ್ಸಿಲು ಹಿಡಿದ. ಈ ಸಲ ಯಾರೂ ನಗಲಿಲ್ಲ. ಬಾಗಿಲ ಬಳಿಯಿದ್ದವರೂ ಹತ್ತಿರ ಬಂದು, ಅವನ ಜೊತೆ ತುಟಿ ಅಲುಗಿಸುತ್ತ, ದೊಡ್ಡ ಕೆ, ಸಣ್ಣ ಕ್ಯೂ, ಏಳು, ಎಂದು ಓದಿಕೊಂಡರು. ಕೊನೆಯ ಅಕ್ಷರಕ್ಕೆ ಯಾರೋ ಉಸಿರು ಬಿಟ್ಟರು. ಅವನು ಯೆಸ್ ಒತ್ತಿದ.

ಗುಟ್ಟಿನ ಮಾತು ಕೇಳಿತು ಯಂತ್ರ. ಎವೆಲಿಯೊ ಕನ್ನಡಕದ ಮೇಲಿಂದ ಎಲ್ಲರನ್ನೂ ನೋಡಿದ.

“ಆ ಕಡೆ ತಿರುಗಿ ಎಲ್ಲರೂ. ನೀವೂ ಅಷ್ಟೇ, ದೊನ್ಯಾ ಫ್ಲೋರಿಬೆತ್.”

ತಿರುಗಿದರು. ಅಧ್ಯಕ್ಷರು, ಫ್ಲೋರಿಬೆತ್, ಕೆಲಸವಿಲ್ಲದೆ ಬಂದ ಏಳೆಂಟು ಜನ, ಬಿಸ್ಕತ್ತಿನ ತಟ್ಟೆ ಹಿಡಿದವರು, ಎಲ್ಲರೂ ಸುಣ್ಣದ ಗೋಡೆ ನೋಡಿಕೊಂಡು ನಿಂತರು. ಹಿಂದೆ ಒಂದೇ ಬೆರಳಿನಲ್ಲಿ ಒತ್ತುವ ಸದ್ದು, ನಿಂತು, ಹುಡುಕಿ, ಮತ್ತೊಂದು. ಯೋರ್ಲೆನಿ ತನಗರಿವಿಲ್ಲದೆ ಎಣಿಸುತ್ತಿದ್ದಳು, ಒಂಬತ್ತು, ಹತ್ತು. ಎಣಿಸುವುದೂ ಇಣುಕಿದ ಹಾಗೆಯೇ ಅನ್ನಿಸಿ ಬಿಟ್ಟುಬಿಟ್ಟಳು.

“ಐವತ್ತೆರಡು,” ಎಂದಿತು ಬೆನ್ನ ಹಿಂದಿನ ದನಿ. “ಕಡಿಮೆಯಿದೆ. ಕೆಳಗಿನ ಕೇರಿಗೆ ಸ್ವಲ್ಪ ತಡೀತೀನಿ, ಸಂಜೆ ಬಿಡ್ತೀನಿ. ತಡೆಯೋಕೆ ಮುಂಚೆ ಮನೇಲಿ ಕೊಡ ತುಂಬಿಸ್ಕೊಳ್ಳಿ ಅಂತ ಯಾರಾದ್ರೂ ಹೋಗಿ ಹೇಳಿ.”

ಫ್ಲೋರಿಬೆತ್ ಗೋಡೆ ನೋಡಿಕೊಂಡೇ, ನಾನೇ ಹೋಗಿ ಹೇಳುತ್ತೇನೆ ಎಂದರು.