ಶೀಶೆಯಲ್ಲಿ ಉಳಿದಿದ್ದ ಎರಡು ಡೋಸು

"ಕೆಮ್ಮಿನ ಸಿರಪ್ಪು, ಮೀನಿನ ಗಾಳ ಮಾರೋಳು ನೀನು. ಸೂಜಿ ಹಿಡಿಯೋಕೆ ಏನು ಯೋಗ್ಯತೆ ಇದೆಯಮ್ಮಾ ನಿಂಗೆ?"

ಔಷಧಿ ಅಂಗಡಿಯಲ್ಲಿ ಹನ್ನೆರಡು ಜನ ಸಾಲು ನಿಂತಿದ್ದರು. ಅಷ್ಟೂ ಜನರೆದುರು ವರ್ಲಿನ್ ಎಸ್ಟೆಪ್ ಹೀಗಂದ. ಯಾರೋ ಕಿಸಕ್ಕನೆ ನಕ್ಕರು. ಅಂಗಡಿ ನಡೆಸುವ ಫಾರ್ಮಸಿಸ್ಟ್ ಟ್ವೈಲಾಳ ಮುಖ ಕೆಂಪಾಯಿತು.

ಕೊರೊನಾ ಕಾಲದ ಚಳಿಗಾಲ. ಅಮೆರಿಕದ ವೆಸ್ಟ್ ವರ್ಜೀನಿಯಾದ ಆ ಕಲ್ಲಿದ್ದಲ ಕಣಿವೆಯಲ್ಲಿ ಇದ್ದೊಂದು ಆಸ್ಪತ್ರೆಗೆ ಬೀಗ ಬಿದ್ದು ವರ್ಷವಾಗಿತ್ತು. ಲಾಭ ಬರಲಿಲ್ಲವಂತೆ! ಬಡವರ ಉಸಿರಿನಲ್ಲೂ ಲಾಭ ಹುಡುಕುವವರಿಗೆ ಏನೆನ್ನಬೇಕು? ಉಳಿದದ್ದು ಟ್ವೈಲಾಳ ಅಂಗಡಿ. ಲಸಿಕೆ ಬಂದದ್ದೂ ಅಲ್ಲಿಗೇ.

ಆ ದಿನ ಬೆಳಿಗ್ಗೆ ಅವಳೇ ವರ್ಲಿನ್ ಮನೆಗೆ ಫೋನು ಮಾಡಿ ಗಂಡಹೆಂಡಿರನ್ನು ಕರೆದಿದ್ದಳು. ಯಾರ ಮನೆಗೆ ಯಾವ ಮಾತ್ರೆ ಹೋಗುತ್ತದೆಂದು ಅವಳಿಗಿಂತ ಬಲ್ಲವರಿಲ್ಲ. ವರ್ಲಿನ್ ಮೂವತ್ತು ವರ್ಷ ಗಣಿಯ ಧೂಳು ಕುಡಿದವನು. ಅವನ ಹೆಂಡತಿ ಆರ್ಡಿತ್‌ಗೆ ಸಕ್ಕರೆ ಕಾಯಿಲೆ.

"ಅಂಕಲ್, ನಂಗೆ ತರಬೇತಿ ಆಗಿದೆ, ಪರವಾನಗಿ ಇದೆ. ಹತ್ತು ವರ್ಷದಿಂದ ಫ್ಲೂ ಇಂಜೆಕ್ಷನ್ ಕೊಡ್ತಿಲ್ವಾ?" ಟ್ವೈಲಾ ದನಿ ಏರಿಸಲಿಲ್ಲ. "ಲಸಿಕೆ ಶೀಶೆ ತೆರೆದಾಯ್ತು, ಆರು ತಾಸಿನೊಳಗೆ ಮುಗಿಸ್ಬೇಕು. ನಿಮ್ಮಿಬ್ರಿಗೇ ಅಂತ ಎರಡು ಡೋಸು ಉಳಿಸಿದೀನಿ."

"ಚಾರ್ಲ್‌ಸ್ಟನ್ ದೊಡ್ಡಾಸ್ಪತ್ರೇಲಿ ಹೆಸರು ಬರ್ಸಿದೀನಿ. ಇನ್ನಾರು ವಾರ. ಅಲ್ಲಿ ಡಾಕ್ಟರಿರ್ತಾರೆ, ಅಂಗಡಿಯವರಲ್ಲ."

ಆರ್ಡಿತ್ ಆಗಲೇ ಅಂಗಿಯ ತೋಳು ಮೇಲೇರಿಸಿದ್ದಳು. "ಹಾಕಿಸ್ಕೊಂಡೇ ಬಿಡೋಣ ಕಣೋ. ಡಾಕ್ಟರು ತಪ್ಪು ಬರೆದ್ರೆ ಫೋನ್ ಮಾಡಿ ತಿದ್ದಿಸೋಳೇ ಇವಳು!"

"ನಡಿ ಅಂದ್ರೆ ನಡಿ."

ಅವಳು ತೋಳು ಇಳಿಸಿಕೊಂಡು ಅವನ ಹಿಂದೆ ಹೊರಟಳು. ಆ ಎರಡು ಡೋಸು ಸಂಜೆ ಶಾಲಾ ಬಸ್ಸಿನ ಚಾಲಕನಿಗೂ ಅವನ ತಾಯಿಗೂ ಹೋದವು.

ಐದನೇ ವಾರ ಆರ್ಡಿತ್‌ಗೆ ಜ್ವರ ಬಂತು, ಕೊರೊನಾ. ಹಿಮದ ರಸ್ತೆಯಲ್ಲಿ ಎರಡು ಗಂಟೆ ಆಂಬುಲೆನ್ಸ್. ಅದೇ ದೊಡ್ಡಾಸ್ಪತ್ರೆ, ವರ್ಲಿನ್‌ನನ್ನು ಬಾಗಿಲಲ್ಲೇ ತಡೆದರು. ಒಳಗೆ ನರ್ಸ್ ಆರ್ಡಿತ್‌ಳ ಕಿವಿಗೆ ಫೋನು ಹಿಡಿದಳು.

"ಫ್ರಿಜ್ಜಲ್ಲಿ ಬೀನ್ಸ್ ಇದೆ," ಎಂದಳು ಆರ್ಡಿತ್, ಏದುಸಿರು ಬಿಡುತ್ತಾ. "ಬಿಸಿ ಮಾಡ್ಕೊಂಡು ತಿನ್ನು."

ಅಷ್ಟೇ. ಮತ್ತೆ ಅವಳ ದನಿ ಕೇಳಲಿಲ್ಲ.

ಲಸಿಕೆ ಹಾಕಿಸಿದ್ದರೆ ಉಳಿಯುತ್ತಿದ್ದಳೇ? ಆಣೆಯಿಟ್ಟು ಯಾರು ಹೇಳಬಲ್ಲರು? ಉಳಿಯುವ ದಾರಿ ಮಾತ್ರ ಮನೆಬಾಗಿಲಿಗೇ ಬಂದಿತ್ತು.

ತಿಂಗಳಾದ ಮೇಲೆ ವರ್ಲಿನ್ ಮಗಳ ಜೊತೆ ಅಂಗಡಿಗೆ ಬಂದ. ಟ್ವೈಲಾ ಹಳೆಯದನ್ನು ಎತ್ತಲಿಲ್ಲ. "ಕೂತ್ಕೊಳ್ಳಿ ಅಂಕಲ್" ಎಂದಷ್ಟೇ ಹೇಳಿ ಚುಚ್ಚಿದಳು.

"ಇಷ್ಟೇನಾ?" ವರ್ಲಿನ್ ಕೇಳಿದ.

"ಇಷ್ಟೇ."

ಅವನು ತೋಳನ್ನೇ ನೋಡುತ್ತ ಕೂತ. ಮಗಳೂ ಹಾಕಿಸಿಕೊಂಡಳು.

ಓದುತ್ತಿರುವವರೇ, ರೋಗ ಊರಿಗೆ ನುಗ್ಗಿದಾಗ ದೊಡ್ಡ ಕಟ್ಟಡವೇ ಬೇಕೆಂದು ಕಾಯಬೇಡಿ. ಸರ್ಕಾರ ಅನುಮತಿ ಕೊಟ್ಟ, ತರಬೇತಿ ಪಡೆದ ಕೈ ನಿಮ್ಮ ಬೀದಿಯ ಔಷಧಿ ಅಂಗಡಿಯಲ್ಲಿದ್ದರೆ ಅಲ್ಲೇ ಹಾಕಿಸಿಕೊಳ್ಳಿ. ಅನುಮಾನವೇ? ಪರವಾನಗಿ ತೋರಿಸಿ ಎನ್ನಿ, ತೋರಿಸುತ್ತಾರೆ. ನಿಮ್ಮ ಜಂಬಕ್ಕಾಗಿ ಇನ್ನೊಬ್ಬರನ್ನು ಮಾತ್ರ ಎಳೆದುಕೊಂಡು ಹೋಗಬೇಡಿ!

ಚುಚ್ಚಿದ ಮೇಲೆ ಹದಿನೈದು ನಿಮಿಷ ಕೂರಬೇಕು. ವರ್ಲಿನ್ ಪಕ್ಕದ ಕುರ್ಚಿಯಲ್ಲಿ ಗುಡ್ಡದಾಚೆಯಿಂದ ಬಂದಿದ್ದ ಮುದುಕಿ; ಆರ್ಡಿತ್ ತೀರಿಕೊಂಡದ್ದು ಅವಳಿಗೆ ಗೊತ್ತಿರಲಿಲ್ಲ.

"ಹೆಂಡ್ತೀನ ಕರ್ಕೊಂಡು ಬರ್ಲಿಲ್ವಾ ಮಾರಾಯಾ?" ಎಂದಳು. "ಇಷ್ಟು ಹತ್ರ ಇದೆಯಲ್ಲ!"

ವರ್ಲಿನ್ ಎದ್ದ. ಟೋಪಿ ಹಾಕಿಕೊಂಡ. ಹೊರಗೆ ನಡೆದ.