ಅರ್ಧಕ್ಕಿಳಿದ ಪಟ್ಟಿ

ಸಿದ್ದಪ್ಪಾಜಿಯವರು ಇಪ್ಪತ್ತೆರಡು ವರ್ಷ ಮೈಸೂರಿನ ಪೌರಕಾರ್ಮಿಕರ ಸಂಘ ಕಟ್ಟಿ ಬೆಳೆಸಿ, ಆಮೇಲೆ ಶಾಸಕರಾಗಿ, ಈಗ ಆರು ತಿಂಗಳಿಂದ ಮಂತ್ರಿಯಾಗಿದ್ದರು. ಸಂಘದವರಿಗೆ ಅವರು ಕಲಿಸಿದ್ದು ಒಂದೇ ಪಾಠ: ನೂರು ಬೇಕಾದರೆ ಇನ್ನೂರು ಕೇಳಿ. ಅರ್ಧ ಕಡಿದ ಸಂತೋಷ ಸರ್ಕಾರಕ್ಕಿರಲಿ, ನೂರು ನಮಗಿರಲಿ. ಸಮವಸ್ತ್ರ, ವಾರದ ರಜೆ ಎಲ್ಲ ಹೀಗೇ ಬಂದವು. ಕೈಗವಸು ಅರ್ಧ ಬಂದಾಗ ಮಾತ್ರ ಎಲ್ಲವೂ ಎಡಗೈಯವೇ ಆಗಿದ್ದವು.

ಅವರ ನಂತರ ಸಂಘದ ಅಧ್ಯಕ್ಷೆಯಾದವರು ಸೋಮಮ್ಮ. ಹತ್ತೊಂಬತ್ತು ವರ್ಷದಿಂದ ಅಗ್ರಹಾರದ ಬೀದಿಗಳನ್ನು ಗುತ್ತಿಗೆಯ ಮೇಲೆ ಗುಡಿಸುತ್ತಿದ್ದರು. ನಿವೃತ್ತಿಗೆ ಉಳಿದಿದ್ದು ಒಂದು ವರ್ಷ. ಅಷ್ಟರೊಳಗೆ ಕೆಲಸ ಕಾಯಂ ಆಗದಿದ್ದರೆ ಬರಿಗೈಯಲ್ಲಿ ಮನೆ ಸೇರಬೇಕು. ಹಿಂದೊಮ್ಮೆ ಸಿದ್ದಪ್ಪಾಜಿಯವರಿಗೆ ಬೀಳಬೇಕಿದ್ದ ಲಾಠಿ ಏಟು ಈಕೆಯ ಹೆಗಲ ಮೇಲೆ ಬಿದ್ದಿತ್ತು. ಸೋಮಕ್ಕನನ್ನು ಕಾಯಂ ಮಾಡದೆ ಕುರ್ಚಿ ಬಿಡುವುದಿಲ್ಲವೆಂದು ಅವರು ಮಂತ್ರಿಯಾದ ದಿನವೇ ಹೆಂಡತಿಯೆದುರು ಹೇಳಿದ್ದರು.

ಸೋಮಮ್ಮ ಕಾಯಂ ಆಗಬೇಕಾದ ಇನ್ನೂರ ಹನ್ನೆರಡು ಹೆಸರುಗಳ ಪಟ್ಟಿ ತಂದುಕೊಟ್ಟರು. ಗುರುವಿಗೇ ತಿರುಮಂತ್ರ ಹಾಕುತ್ತಿದ್ದಾರಲ್ಲ ಎಂದು ಸಿದ್ದಪ್ಪಾಜಿ ಒಳಗೊಳಗೇ ನಕ್ಕರು.

ಬೆಂಗಳೂರಿನಲ್ಲಿ ಅಧಿಕಾರಿ ಕಡತ ನೋಡಿ, ಇನ್ನೂರ ಹನ್ನೆರಡೂ ಆಗುತ್ತದೆ ಸಾರ್ ಎಂದುಬಿಟ್ಟರು. ಸಿದ್ದಪ್ಪಾಜಿಯವರಿಗೆ ಬೆವರಿಳಿಯಿತು. ಕೇಳಿದಷ್ಟನ್ನು ಕೇಳಿದ ಹಾಗೇ ಕೊಡುವವರನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ಈಗ ತಾವೇ ಸರ್ಕಾರ, ಉಂಡ ಮನೆಗೆ ಎರಡು ಬಗೆಯುವುದು ಹೇಗೆ? ಪ್ರಾಮಾಣಿಕತೆ ಉಕ್ಕಿ ಬಂತು. ನಿಜಕ್ಕೂ ಬೇಕಿರುವುದು ನೂರಾ ಆರು ಮಾತ್ರ ಎಂದರು. ಅಧಿಕಾರಿ ಎರಡು ಸಲ ಕೇಳಿದರು, ಇವರು ಎರಡು ಸಲವೂ ಅದನ್ನೇ ಹೇಳಿದರು. ಪಟ್ಟಿಯ ಮೊದಲ ನೂರಾ ಆರು ಹೆಸರು ಆದೇಶಕ್ಕೆ ಸೇರಿದವು, ಮಿಕ್ಕ ಹುದ್ದೆಗಳು ಬೇರೆ ಜಿಲ್ಲೆಯ ಪಾಲಾದವು. ಪಟ್ಟಿಯನ್ನು ಅವರು ಬಿಚ್ಚಿಯೂ ನೋಡಲಿಲ್ಲ. ಮುಖಂಡರ ಹೆಸರು ಮೊದಲಿಗೇ ಇರುತ್ತದೆಂದುಕೊಳ್ಳುವುದು ರಾಜಕೀಯಕ್ಕೆ ಬಂದ ಮೇಲೆ ಅವರಿಗಾದ ಅಭ್ಯಾಸ.

ಶನಿವಾರ ಲಷ್ಕರ್ ಮೊಹಲ್ಲಾದ ಸಂಘದ ಕಚೇರಿಯಲ್ಲಿ ಅವರಿಗೆ ಪೇಟ ತೊಡಿಸಿ ಹಾರ ಹಾಕಿದರು. ಆದೇಶವನ್ನು ಅವರೇ ಓದಿದರು. ನೂರಾ ಆರನೆಯ ಹೆಸರಿಗೆ ನಿಲ್ಲಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ಇನ್ನೂ ಓದುತ್ತಾರೆಂದು ಕಾಯುತ್ತಿದ್ದರು.

ಸಿದ್ದಪ್ಪಾಜಿ ಬಗ್ಗಿ, ನಿಜವಾಗಿ ಇದ್ದವರು ಇಷ್ಟೇ ತಾನೇ ಎಂದು ಸೋಮಮ್ಮನ ಕಿವಿಯಲ್ಲಿ ಕೇಳಿದರು.

"ಬೇರೆ ಮಂತ್ರಿ ಆಗಿದ್ರೆ ನಾನೂರ್ ಚಿಲ್ರೆ ಬರೀತಿದ್ದೆ ಕಣಪ್ಪ," ಎಂದರು ಸೋಮಮ್ಮ. "ನೀನಲ್ವಾ ಅಂತ ಇರೋಷ್ಟೇ ಬರ್ದ್‌ಬುಟ್ಟೆ."

"ನಿನ್ನ ಹೆಸರು ಎಲ್ಲಿ, ಅಕ್ಕಾ?"

"ಕೊನೇಲಿ. ಎಲ್ರುದೂ ಆದ್ಮೇಲೆ ನಮ್ದು ಅಂತ."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಸಿದ್ದಪ್ಪಾಜಿಯವರಿಗೆ. ಪೇಟ ತೆಗೆಯೋಣವೆಂದರೆ ಫೋಟೊ ತೆಗೆಯುವವನು ಇನ್ನೂ ಎದುರಿಗೇ ನಿಂತಿದ್ದ. ಸೋಮಮ್ಮ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಜಿನ ಮೇಲಿದ್ದ ಬಿಳಿ ಹಾಳೆ ಎಳೆದುಕೊಂಡರು.

"ಉಳ್ದಿರೋರು ನೂರಾ ಆರು ಜನ. ಇನ್ನೂರ ಹನ್ನೆರಡು ಅಂತ ಬರ್ಕೋತೀನಿ. ಸೋಮವಾರ ನಿಮ್ಮನೆ ಮುಂದೆ ಧರಣಿ ಕೂತ್ಕೋತೀವಿ, ಸಾಹೇಬ್ರೆ."

ಸೋಮಮ್ಮ ಅವರನ್ನು ಹಾಗೆ ಕರೆದದ್ದು ಅದೇ ಮೊದಲು.