ಅಪ್ಪನ ಕಣ್ಣು, ತಟ್ಟೆಯ ಕೋಶ

ಜೀವಕೋಶಕ್ಕೆ ಕೈಯಿಲ್ಲ, ಕಾಲಿಲ್ಲ, ಆದರೂ ನಡೆಯುತ್ತದೆ. ಅದು ಹೇಗೆ ನಡೆಯುತ್ತದೆ ಎಂದು ನೋಡುವುದೇ ಮಗಳ ಕೆಲಸ. ಇದೂ ಒಂದು ಕೆಲಸವೇ ಎಂದು ನೆಂಟರಿಷ್ಟರು ಮೂಗು ಮುರಿದರೂ ಟೈಲರ್ ಅಪ್ಪನಿಗೆ ಮಾತ್ರ ಅದು ಹೇಳಿದ ಕೂಡಲೇ ಅರ್ಥವಾಗಿತ್ತು.

"ಒಳಗೆ ಸಣ್ಣ ಎಳೆಗಳು ಬೆಳೀತಾ ಮುಂದಿನ ಅಂಚನ್ನ ತಳ್ಳುತ್ವೆ. ಆ ಅಂಚು ನೆಲ ಕಚ್ಚಿ ಹಿಡಿಯುತ್ತೆ. ಆಮೇಲೆ ಹಿಂಭಾಗ ಹಿಡಿತ ಬಿಟ್ಟು ಮುಂದಕ್ಕೆ ಎಳ್ಕೊಳ್ಳುತ್ತೆ," ಎಂದಿದ್ದಳು ಮಗಳು.

"ಮುಂದೆ ಗುಂಡುಸೂಜಿ ಚುಚ್ಚೋದು, ಹಿಂದಿಂದು ಕೀಳೋದು. ಇಷ್ಟಕ್ಕೆ ಅಷ್ಟೊಂದು ಓದಬೇಕಿತ್ತಾ?" ಎಂದು ಅಪ್ಪ ನಕ್ಕಿದ್ದ.

ಈಗ ನಗುವ ಹೊತ್ತಲ್ಲ. ಹೊಲಿಗೆ ಯಂತ್ರದ ಸೂಜಿ ಮುರಿದು, ಚೂರು ಸಿಡಿದು, ಅಪ್ಪನ ಬಲಗಣ್ಣಿನ ಮೇಲ್ಪದರ ಗೀರಿತ್ತು. ಎಡಗಣ್ಣು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಸುತ್ತಲಿನ ಕೋಶಗಳು ತೆವಳಿ ಬಂದು ಗಾಯ ಮುಚ್ಚಬೇಕು, ಅದು ಅವುಗಳ ಹುಟ್ಟುಗುಣ. ಅಪ್ಪನ ಕಣ್ಣಲ್ಲಿ ಮಾತ್ರ ಅವು ಜಪ್ಪಯ್ಯ ಅಂದರೂ ಕದಲಲಿಲ್ಲ. ಗಾಯ ಹೀಗೇ ಉಳಿದರೆ ಆ ಕಣ್ಣಿನ ಆಸೆ ಬಿಡಬೇಕಾದೀತು ಎಂದು ಡಾಕ್ಟರು ಹೇಳಿದ್ದರು.

ಸಂಕಟವೆಂದರೆ ಮದ್ದು ಅವಳ ಕೈಯಲ್ಲೇ ಇತ್ತು. ಹಾಗೆಂದು ಅವಳು ನಂಬಿದ್ದಳು. ಪ್ರಯೋಗಾಲಯದ ತಟ್ಟೆಯಲ್ಲಿ ಕೋಶಗಳ ಹಾಸು ಬೆಳೆಸಿ, ನಡುವೆ ಒಂದು ಗೀರು ಎಳೆದು, ತನ್ನ ತಂಡ ಸಿದ್ಧಪಡಿಸಿದ ಹೊಸ ದ್ರಾವಣದ ಹನಿ ಬಿಟ್ಟರೆ ಸಾಕು, ಕೋಶಗಳು ಬಿದ್ದೆನೋ ಎದ್ದೆನೋ ಎಂದು ಬಂದು ಗೀರು ಮುಚ್ಚುತ್ತಿದ್ದವು. ಮನುಷ್ಯರ ಮೇಲೆ ಅದನ್ನು ಯಾರೂ ಪರೀಕ್ಷಿಸಿರಲಿಲ್ಲ. ಆದರೂ ಕದ್ದುಮುಚ್ಚಿ ಒಂದು ಸೀಸೆ ತಂದು ಮನೆಯ ಫ್ರಿಜ್ಜಿನಲ್ಲಿಟ್ಟಳು. ತಂದಳೇ ಹೊರತು ಹಾಕುವ ಧೈರ್ಯ ಬರಲಿಲ್ಲ. ಸೀಸೆ ಹಿಡಿದು ಅಪ್ಪನ ಕೋಣೆಯ ಬಾಗಿಲ ತನಕ ಹೋಗುವುದು, ಹಿಂದಿರುಗುವುದು, ಇದೇ ಆಯಿತು. "ಇನ್ನೊಂದು ಸಲ ನೋಡ್ಕೊಂಡು ಬರ್ತೀನಪ್ಪ," ಎಂದು ಇವತ್ತು ಬೆಳಿಗ್ಗೆಯೂ ಪ್ರಯೋಗಾಲಯಕ್ಕೆ ಓಡಿದಳು.

ತಟ್ಟೆಯಲ್ಲಿ ಗೀರು ಮುಚ್ಚಿತ್ತು. ಆದರೆ ಸತ್ತ ಕೋಶಗಳ ಕಸ ತೇಲಿ ಸೂಕ್ಷ್ಮದರ್ಶಕದ ಚಿತ್ರ ಮಸುಕಾಗಿತ್ತು. ಕೋಶಗಳಿಗೆ ನೋವಾದೀತೆಂಬಂತೆ, ಫೋಟೋ ತೆಗೆಯುವ ಮುನ್ನ ಅಲ್ಲಿ ಯಾರೂ ತಟ್ಟೆ ತೊಳೆಯುತ್ತಿರಲಿಲ್ಲ. ಅಷ್ಟು ನಾಜೂಕಿನ ಜನ! ಇವತ್ತು ಅವಳು ತಾಳ್ಮೆಗೆಟ್ಟು ಹಳೆಯ ದ್ರವ ಹೀರಿ ತೆಗೆದು ಮದ್ದಿಲ್ಲದ ಶುದ್ಧ ದ್ರವವನ್ನು ಮೆಲ್ಲಗೆ ಬಿಟ್ಟಳು. ಕಣ್ಣೆದುರೇ ಇಡೀ ಹಾಸು ಹಾಲಿನ ಕೆನೆಯಂತೆ ಎದ್ದು, ಮುದುಡಿ, ತೇಲಿಹೋಯಿತು. ಗೀರದೆ ಬಿಟ್ಟ ಜಾಗವೂ ಬೋಳಾಯಿತು.

ಅವಳಿಗೆ ಆಗ ಹೊಳೆಯಿತು. ಮದ್ದಿನಿಂದ ತಟ್ಟೆಯ ಮೇಲಿನ ಹಿಡಿತ ಸಡಿಲವಾಗಿದ್ದಕ್ಕೇ ಕೋಶಗಳು ಅಷ್ಟು ಬೇಗ ಬಂದಿದ್ದವು. ಇಷ್ಟು ದಿನ ಪ್ರಯೋಗಾಲಯದವರೆಲ್ಲ ಕೋಶಗಳು ಜಾರುವುದನ್ನು ನೋಡಿ ನಡಿಗೆ ಎಂದು ಚಪ್ಪಾಳೆ ತಟ್ಟಿದ್ದರು. ಕಣ್ಣಿನಲ್ಲಾದರೆ ರೆಪ್ಪೆ ಬಡಿದರೂ ಸಾಕು, ಪದರ ಕಿತ್ತುಬರುತ್ತದೆ.

ಸದ್ಯ, ಹಾಕಲಿಲ್ಲವಲ್ಲ ಎಂದುಕೊಳ್ಳುತ್ತಾ ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪಾ, ಫ್ರಿಜ್ಜಲ್ಲಿರೋ ಸೀಸೆ ಮುಟ್ಬೇಡ."





"ಹಾಕ್ಕೊಂಡ್ಬಿಟ್ಟೆನಲ್ಲೇ, ಈಗ ತಾನೇ," ಎಂದ ಅಪ್ಪ. "ದಿನಾ ಸೀಸೆ ಹಿಡ್ಕೊಂಡು ಬಾಗಿಲ ತನಕ ಬಂದು ವಾಪಸ್ ಹೋಗ್ತಿದ್ದೆ ನೀನು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮಗಳ ಕೈಯಿಂದ ಆಯ್ತು ಅಂತ ಆಗಬಾರ್ದು ನೋಡು. ಅದಕ್ಕೇ ನಾನೇ ಹಾಕ್ಕೊಂಡೆ."

"ಅಯ್ಯೋ ಅಪ್ಪಾ!" ಎಂದಳು. ಅಪ್ಪನ ದನಿ ಮೊದಲ ಬಾರಿಗೆ ಅಳುಕಿತು.

"ಯಾಕೆ, ತಪ್ಪಾಯ್ತಾ? ಕಣ್ಣು ತೊಳ್ಕೊಂಡ್ಬಿಡ್ಲಾ?"

ತೊಳೆದರೆ ಪದರ ನೀರಿನ ಜೊತೆಗೇ ಹೋದೀತು. ತೊಳೆಯದಿದ್ದರೆ ಮದ್ದು ಅಲ್ಲೇ ನಿಂತು ಹಿಡಿತ ಬಿಡಿಸುತ್ತಲೇ ಇರುತ್ತದೆ. ಯಾವುದು ಸರಿ ಎಂದು ಯಾವ ತಟ್ಟೆಯೂ ಅವಳಿಗೆ ಕಲಿಸಿರಲಿಲ್ಲ. ಡಾಕ್ಟರನ್ನು ಕೇಳುವಷ್ಟು ಹೊತ್ತು ಆ ಹನಿ ಕಾಯುತ್ತದೆಯೇ?

ಫೋನಿನಲ್ಲಿ ನಲ್ಲಿ ತಿರುಗಿಸಿದ ಸದ್ದು, ನೀರು ಬೀಳುವ ಸದ್ದು.

"ಹೇಳು ಮಗಳೇ, ನಲ್ಲಿ ಹತ್ರನೇ ನಿಂತಿದೀನಿ," ಎಂದ ಅಪ್ಪ. "ನೀನು ಹೇಳಿದ ಹಾಗೆ ಮಾಡ್ತೀನಿ."